ಮೂಗಿನಲ್ಲಿ ದುರ್ಮಾಂಸ ಬೆಳೆದಿದೆಯಾ?

ಶಿರಸಿ ಕಡೆ ಮದುವೆ ಊಟಕ್ಕೆ ಕೂತರೂ ನನಗೆ ಬಿಡುಗಡೆ ಇಲ್ಲ. ಅಪ್ಪೆಹುಳಿ ಬಡಿಸುವ ಹೊತ್ತಿಗೆ ಪಕ್ಕದವರು ಫೋನ್ ತೆಗೆಯುತ್ತಾರೆ. ಟಾರ್ಚ್ ಹಾಕಿ ತೆಗೆದ ಮೂಗಿನ ಫೋಟೊ! "ಡಾಕ್ಟ್ರೇ, ಒಳಗೆ ಕೆಂಪಗೆ ಉಂಡೆ ಕಾಣ್ತದಲ್ಲ, ದುರ್ಮಾಂಸವಾ? ತೆಗೆಸಬೇಕಾ?" ಕಿವಿ, ಮೂಗು, ಗಂಟಲು ನೋಡುವವನಿಗೆ ಇದು ತಪ್ಪಿದ್ದಲ್ಲ.

ಹೆಚ್ಚಿನ ಸಲ ಅದು ಬೆಳೆದದ್ದಲ್ಲ, ಹುಟ್ಟುವಾಗಲೇ ಇದ್ದದ್ದು. ಹೆಸರು ಟರ್ಬಿನೇಟ್. ಎರಡೂ ಹೊಳ್ಳೆಗಳ ಹೊರಗೋಡೆಯಲ್ಲಿ ಮೇಲೆ, ನಡುವೆ, ಕೆಳಗೆ ಅಂತ ಮೂರು ಮೂರು ಇರುತ್ತವೆ. ಒಳಗೆ ತೆಳು ಮೂಳೆ, ಅದರ ಮೇಲೆ ರಕ್ತನಾಳ ತುಂಬಿದ ಮೆತ್ತನೆ ಪೊರೆ. ಫೋಟೊದಲ್ಲಿ ಸಿಕ್ಕಿದ್ದು ಕೆಳಗಿನದರ ತುದಿ ಮಾತ್ರ.

ಮೂಗು ಅಂದ್ರೆ ಬರೀ ಕೊಳವೆ ಅಂದುಕೊಂಡವರಿಗೆ ಇದು ಅಡ್ಡಿ ಅನ್ನಿಸುತ್ತದೆ. ಆದರೆ ಆ ಅಡ್ಡಿಯೇ ಬೇಕು. ಡಿಸೆಂಬರ್ ಬೆಳಗ್ಗೆ ತೋಟಕ್ಕೆ ಹೋಗುವಾಗ ಎಳೆದುಕೊಂಡ ಥಂಡಿ ಗಾಳಿ ಈ ಉಬ್ಬುಗಳ ಸಂದಿಯಲ್ಲಿ ಉಜ್ಜಿಕೊಂಡು ಸಾಗುತ್ತದೆ. ಗಂಟಲು ಮುಟ್ಟುವಷ್ಟರಲ್ಲಿ ಬೆಚ್ಚಗೆ, ತೇವವಾಗಿರುತ್ತದೆ. ಧೂಳು ಸಿಂಬಳಕ್ಕೆ ಅಂಟುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಆ ಸಿಂಬಳವನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ, ನಾವು ಗೊತ್ತಿಲ್ಲದೆ ನುಂಗುತ್ತಿರುತ್ತೇವೆ. ಪಂಕ್ತಿಯಲ್ಲಿ ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬರುವುದಿಲ್ಲ.

ಬಂದರೆ ಅದು ಹೀಗಿರುತ್ತದೆ: "ನಿನ್ನೆ ಎಡಗಡೆ ಕಟ್ಟಿತ್ತು, ಇವತ್ತು ಬಲಗಡೆ." ದುರ್ಮಾಂಸ ಹೀಗೆ ಮನೆ ಬದಲಿಸುತ್ತದಾ? ಕೆಲವು ಗಂಟೆಗೊಮ್ಮೆ ಒಂದು ಬದಿಯ ಟರ್ಬಿನೇಟಿಗೆ ರಕ್ತ ತುಂಬಿ ಊದುತ್ತದೆ, ಇನ್ನೊಂದು ಬದಿಯದು ಇಳಿಯುತ್ತದೆ. ಕೈಸರ್ ಎಂಬ ಜರ್ಮನ್ ವೈದ್ಯ 1895ರಲ್ಲೇ ಇದನ್ನು ವಿವರಿಸಿದ್ದರು. ಮಗ್ಗುಲಾಗಿ ಮಲಗಿದಾಗ ಕೆಳಗಿನ ಹೊಳ್ಳೆ ಕಟ್ಟುವುದೂ ಈ ಊತದಿಂದಲೇ. ನಮ್ಮ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದಾಗ, ಅಲರ್ಜಿ ಇದ್ದವರಿಗೆ ಎರಡೂ ಒಟ್ಟಿಗೆ ಊದಿಕೊಳ್ಳುತ್ತವೆ. ಆಗ ಔಷಧ ಬೇಕು, ಸರಿ. ಆದರೆ ಥಟ್ಟನೆ ಮೂಗು ಬಿಡಿಸುವ ಡ್ರಾಪ್ಸ್ ಇದೆಯಲ್ಲ, ಅದನ್ನು ಐದು ದಿನಕ್ಕಿಂತ ಜಾಸ್ತಿ ಹಾಕಬೇಡಿ. ಆಮೇಲೆ ಡ್ರಾಪ್ಸ್ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ.

ಯಾವ ಔಷಧಕ್ಕೂ ಬಗ್ಗದ ಊತವನ್ನು ಆಪರೇಷನ್ ಮಾಡಿ ಸಣ್ಣದು ಮಾಡುವುದುಂಟು, ನಾನೂ ಮಾಡುತ್ತೇನೆ. ಪೂರ್ತಿ ತೆಗೆಯುವುದಕ್ಕೆ ಮಾತ್ರ ಒಪ್ಪುವುದಿಲ್ಲ. ಹಾಗೆ ತೆಗೆದರೆ ಮೂಗು ಒಣಗಿ ಹಕ್ಕಳೆ ಕಟ್ಟಬಹುದು. ಕೆಲವರಿಗೆ ಗಾಳಿ ಸರಾಗವಾಗಿ ಹೋಗುತ್ತಿದ್ದರೂ ಕಟ್ಟಿದ ಹಾಗೇ ಅನ್ನಿಸುತ್ತದೆ.

ನಿಜವಾಗಿ ಬೆಳೆಯುವುದು ಪಾಲಿಪ್. ಅದು ಕೆಂಪಗಿರುವುದಿಲ್ಲ. ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಮಸುಕು ಬಣ್ಣ, ಮುಟ್ಟಿದರೆ ನೋವಿಲ್ಲ. ವಾಸನೆ ಹಿಡಿಯುವ ಜಾಗ ಮೂಗಿನ ಮಾಡಿನಲ್ಲಿದೆ. ಪಾಲಿಪ್ ಅಲ್ಲಿಗೆ ಹೋಗುವ ದಾರಿ ಮುಚ್ಚಿದರೆ ಎಲೆಯ ಮೇಲಿನ ಅಪ್ಪೆಮಿಡಿಯ ಪರಿಮಳವೂ ತಿಳಿಯುವುದಿಲ್ಲ. ಹಾಗಾಗಿದ್ದರೆ, ಅಥವಾ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡು ರಕ್ತವೂ ಬರುತ್ತಿದ್ದರೆ, ಫೋಟೊ ತೋರಿಸಬೇಡಿ. ಮೂಗನ್ನೇ ತನ್ನಿ.