ಸಭೆಗಿಂತ ಮೊದಲು ಎತ್ತಲ್ಪಟ್ಟ ಮನೆ

ಹ್ಯೂಸ್ಟನ್ನಿನ ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ, ಲೋಕಾಂತ್ಯವನ್ನು ಹೇಳುವ ಪ್ರಕಟನೆ ಪುಸ್ತಕಕ್ಕೆ ಇರುವಷ್ಟು ಬೇಡಿಕೆ ಬೇರಾವ ಪುಸ್ತಕಕ್ಕೂ ಇಲ್ಲ. ಉಡುಪಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಬೆಳೆದ ನನಗೆ ಇದು ಹೊಸ ರುಚಿ. ಕರ್ತನಾದ ಯೇಸುವಿನ ಎರಡನೆಯ ಬರೋಣವನ್ನು ನಾವೂ ನಂಬುತ್ತೇವೆ, ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತೇವೆ, ಹೇಳಿ ಮನೆಗೆ ಹೋಗಿ ಊಟ ಮಾಡುತ್ತೇವೆ. ಇಲ್ಲಿ ಹಾಗಲ್ಲ. ಸಭೆ, ಅಂದರೆ ವಿಶ್ವಾಸಿಗಳ ಸಮುದಾಯ, ಆಕಾಶಕ್ಕೆ ಎತ್ತಲ್ಪಡುವುದು ಅಂತ್ಯಕಾಲದ ಮಹಾಸಂಕಟಕ್ಕೆ ಮೊದಲೋ ನಡುವೆಯೋ ಎಂದು ಕಾಫಿ ಆರಿ ತಣ್ಣಗಾಗುವವರೆಗೆ ವಾದ ನಡೆಯುತ್ತದೆ. ಈ ಲೆಕ್ಕಾಚಾರ ತೀರಾ ಪುರಾತನವೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ರೂಪಿಸಿದ್ದು, 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳ ಮೂಲಕ ಅಮೆರಿಕದ ಮನೆಮನೆಗೆ ಬಂದದ್ದು.

ಲೋಕವೇ ಮುಗಿಯಲಿದೆ ಎನ್ನುವವರಿಗೆ ಭೂಮಿ ಬಿಸಿಯಾದರೇನು, ಕಡಲು ಉಕ್ಕಿದರೇನು ಎಂದು ಊರಿನ ಗೆಳೆಯರು ಫೋನಿನಲ್ಲಿ ನಗುತ್ತಾರೆ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಪ್ಯೂ ಎಂಬ ಅಮೆರಿಕದ ಸಂಶೋಧನಾ ಕೇಂದ್ರದ 2022ರ ಸಮೀಕ್ಷೆಯಲ್ಲಿ ಶೇಕಡಾ 39ರಷ್ಟು ಅಮೆರಿಕನ್ನರು ನಾವು ಅಂತ್ಯಕಾಲದಲ್ಲಿದ್ದೇವೆ ಎಂದರು. ಪ್ರೊಟೆಸ್ಟಂಟರಲ್ಲಿ ಬೈಬಲಿಗೆ ಬಿಗಿಯಾಗಿ ಅಂಟಿಕೊಳ್ಳುವ ಇವ್ಯಾಂಜೆಲಿಕಲ್ ಪಂಗಡದವರಲ್ಲಿ ಅದು 63. ಆದರೆ ಅದೇ ಸಮೀಕ್ಷೆಯನ್ನು ಮುಂದಕ್ಕೆ ಓದಬೇಕು. ಹವಾಮಾನ ಬದಲಾವಣೆ ಬಹಳ ಗಂಭೀರ ಸಮಸ್ಯೆ ಎಂದವರು ಅಂತ್ಯಕಾಲವನ್ನು ನಂಬುವವರಲ್ಲಿ 51, ನಂಬದವರಲ್ಲಿ 62. ವ್ಯತ್ಯಾಸ ಇದೆ, ಅಗಾಧವೇನಲ್ಲ. ರಿಪಬ್ಲಿಕನ್ನರಿಗೂ ಡೆಮಾಕ್ರಟರಿಗೂ ನಡುವಿನ ಕಂದಕ ಇದಕ್ಕಿಂತ ಎಷ್ಟೋ ದೊಡ್ಡದು.

ರೇಗನ್ ಸರ್ಕಾರದಲ್ಲಿ ಒಳಾಡಳಿತ ಕಾರ್ಯದರ್ಶಿಯಾಗಿದ್ದ ಜೇಮ್ಸ್ ವಾಟ್ ಅವರ ಕಥೆ ಈ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಇಲಾಖೆ ಎಂದರೆ ಪೊಲೀಸ್ ಅಲ್ಲ; ಅಲ್ಲಿಯ ಸರ್ಕಾರಿ ಭೂಮಿ, ಗಣಿ, ರಾಷ್ಟ್ರೀಯ ಉದ್ಯಾನಗಳ ಇಲಾಖೆ. ಕೊನೆಯ ಮರ ಉರುಳಿದ ಮೇಲೆ ಕ್ರಿಸ್ತ ಬರುತ್ತಾನೆ ಎಂದು ಅವರು ಸಂಸತ್ತಿನ ಮುಂದೆ ಹೇಳಿದರಂತೆ. ಪತ್ರಕರ್ತ ಬಿಲ್ ಮೋಯರ್ಸ್ 2004ರ ಭಾಷಣವೊಂದರಲ್ಲಿ ಇದನ್ನು ಎತ್ತಿ ಹೇಳಿ, ಮರುವರ್ಷ ವಾಟ್ ಅವರ ಕ್ಷಮೆ ಕೇಳಬೇಕಾಯಿತು. 1981ರಲ್ಲಿ ವಾಟ್ ನಿಜವಾಗಿ ಹೇಳಿದ್ದು ಬೇರೆ: ಕರ್ತನು ಬರುವ ಮೊದಲು ಇನ್ನೆಷ್ಟು ತಲೆಮಾರುಗಳಿವೆಯೋ ತಿಳಿಯದು, ಎಷ್ಟಿದ್ದರೂ ಅವರಿಗೆ ಸಂಪನ್ಮೂಲ ಉಳಿಯುವಂತೆ ನಿರ್ವಹಿಸಬೇಕು. ಅವರ ಗಣಿಗಾರಿಕೆಯ ನೀತಿಯನ್ನು ಬೈಯುವವರು ಬೈಯಲಿ, ನಾನೂ ಸೇರುತ್ತೇನೆ. ಆಡದ ಮಾತನ್ನು ಅವರ ಬಾಯಿಗೆ ತುರುಕುವುದು ಬೇಡ.

ಇನ್ನೂ ಸ್ವಾರಸ್ಯವೆಂದರೆ, ಹವಾಮಾನದ ಕಾನೂನನ್ನು ತಡೆದ ರಾಜಕಾರಣಿಗಳ ಕೈಯಲ್ಲಿ ಇದ್ದದ್ದು ಪ್ರಕಟನೆಯಲ್ಲ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡ. ಜಲಪ್ರಳಯ ಇಳಿದ ಮೇಲೆ ದೇವರು ಕೊಟ್ಟ ಮಾತನ್ನೇ 2009ರಲ್ಲಿ ಸಂಸದ ಜಾನ್ ಶಿಮ್ಕಸ್ ಸಮಿತಿಯ ಸಭೆಯಲ್ಲಿ ಓದಿದರು. ಭೂಮಿಯಿರುವ ತನಕ ಬಿತ್ತನೆ ಕೊಯ್ಲು, ಚಳಿ ಸೆಕೆ ತಪ್ಪುವುದಿಲ್ಲ ಎಂಬ ವಚನವನ್ನು 2012ರಲ್ಲಿ ಸೆನೆಟರ್ ಜಿಮ್ ಇನ್‌ಹೋಫ್ ಕೂಡ ಆಧಾರವಾಗಿ ಎತ್ತಿದರು. ಅಂದರೆ ಭೂಮಿ ಸುಟ್ಟುಹೋಗಲಿದೆ ಎಂಬ ನಂಬಿಕೆಗೂ, ದೇವರು ಭೂಮಿಗೆ ಏನೂ ಆಗಗೊಡುವುದಿಲ್ಲ ಎಂಬ ನಂಬಿಕೆಗೂ ಕೊನೆಗೆ ಸಿಗುವ ಉತ್ತರ ಒಂದೇ: ಈಗ ಏನೂ ಮಾಡಬೇಕಾಗಿಲ್ಲ. ಎರಡು ವಿರುದ್ಧ ದಿಕ್ಕುಗಳಿಂದ ಹೊರಟು ಒಂದೇ ಬಾಗಿಲಿಗೆ ಬರುತ್ತಾರೆಂದರೆ ಬಾಗಿಲು ಮೊದಲೇ ಗೊತ್ತಾಗಿತ್ತು ಎಂದು ನನ್ನ ಗುಮಾನಿ. ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಜನರ ಸಂಬಳ ತೈಲೋದ್ಯಮದ್ದು. ನನ್ನದೂ.

2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಬಂತು. ಭೂಮಿಯ ತಾಪ ಏರಿದ್ದರಿಂದ ಆ ಮಳೆ ಸುಮಾರು ಶೇಕಡಾ 15ರಷ್ಟು ಹೆಚ್ಚು ಬಿರುಸಾಯಿತು ಎಂದು ಆಮೇಲೆ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ಗುಂಪಿನ ಹಿರಿಯರೊಬ್ಬರ ಮನೆಗೆ ಸೊಂಟದ ಮಟ್ಟಕ್ಕೆ ನೀರು ನುಗ್ಗಿತ್ತು. ಗೋಡೆಯ ಹಲಗೆಗಳನ್ನು ಎದೆಯೆತ್ತರಕ್ಕೆ ಕತ್ತರಿಸಿ ತೆಗೆದೆವು, ಒಳಗಿನ ಹತ್ತಿಯಂಥ ಗುಲಾಬಿ ಬಣ್ಣದ ಹೊದಿಕೆ ನೀರು ಕುಡಿದು ಜೋತುಬಿದ್ದಿತ್ತು. ಒದ್ದೆ ಕಾರ್ಪೆಟ್ಟಿನ ಸುರುಳಿಯ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ಅವರ ಹೆಗಲ ಮೇಲೆ. "ಗುರುತುಗಳು ಕಾಣುತ್ತಿವೆ ತಮ್ಮಾ, ಬರೋಣ ಹತ್ತಿರವಿದೆ" ಎಂದು ಅವರ ಇಂಗ್ಲಿಷಿನಲ್ಲಿ ಅವರು ಹೇಳಿದರು. ಹಾಗೆ ಹೇಳಿದವರು ಕಾರ್ಪೆಟ್ ಬೀದಿಗೆ ಹಾಕುವ ಮೊದಲು ನಾಲ್ಕೂ ಮಗ್ಗುಲಿನಿಂದ ಫೋಟೊ ತೆಗೆದುಕೊಂಡರು, ಪ್ರವಾಹದ ವಿಮೆಗೆ ಬೇಕಲ್ಲ. ಮುಂದೆ ಜಾಕ್‌ಗಳನ್ನು ಇಡಿಸಿ ಇಡೀ ಮನೆಯನ್ನೇ ಮೇಲೆತ್ತಿಸಿದರು. ಸಭೆ ಎತ್ತಲ್ಪಡುವ ಮೊದಲು ಮನೆ ಎತ್ತಲ್ಪಟ್ಟಿತು. ಇದನ್ನು ಆಷಾಢಭೂತಿತನ ಎಂದು ನಾನು ಕರೆಯುವುದಿಲ್ಲ. ಅಂತ್ಯ ಯಾವಾಗಲೋ ಬರಲಿ, ಮುಂದಿನ ಮಳೆಗಾಲ ಬರುವುದಂತೂ ಖಂಡಿತ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಕರಾವಳಿಗೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಇತಿಹಾಸವೂ ಹೀಗೆಯೇ ಇದೆ. ಆ ಮಿಷನ್ನಿನ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಅಲ್ಲಿನ ಬೆಂಗೆಲ್ ಎಂಬ ದೊಡ್ಡ ಪಂಡಿತರು ಅಂತ್ಯದ ಗಣಿತ ಮಾಡಿ 1836 ಎಂದು ಇಸವಿಯನ್ನೇ ಹೇಳಿಟ್ಟಿದ್ದರು. ಮಿಷನ್ ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. 1836 ಬಂತು, ಹೋಯಿತು. ಮಿಷನ್ನಿನ ಕೆಲಸ ನಿಲ್ಲಲಿಲ್ಲ: 1843ರಲ್ಲಿ ಕನ್ನಡದ ಮೊದಲ ಪತ್ರಿಕೆ, 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲ್ ನಿಘಂಟು.

ಕಳೆದ ಸಲ ಅಧ್ಯಯನ ನಡೆಸುವ ಸರದಿ ನನಗೆ ಬಂದಾಗ ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರವನ್ನು ಆರಿಸಿಕೊಂಡೆ. ಟೆಕ್ಸಸ್‌ನಲ್ಲೇ ನೆಲೆಸಿರುವ, ಇವ್ಯಾಂಜೆಲಿಕಲ್ ನಂಬಿಕೆಯ ಹವಾಮಾನ ವಿಜ್ಞಾನಿ ಕ್ಯಾಥರಿನ್ ಹೇಹೋ ಈ ಪತ್ರವನ್ನು ಆಗಾಗ ನೆನಪಿಸುತ್ತಾರೆ. ಕರ್ತನ ದಿನ ಬಂದೇ ಬಿಟ್ಟಿತೆಂದು ಗಾಬರಿಗೊಂಡಿದ್ದ ಸಭೆಗೆ ಬರೆದ ಅದೇ ಪತ್ರದಲ್ಲಿ ಪೌಲನು, ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಎಂದು ಗದರಿಸುತ್ತಾನೆ. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಆ ವಚನವನ್ನು ಓದಿದರು. "ಇದು ಸೋಮಾರಿಗಳಿಗೆ ಹೇಳಿದ್ದು, ಕಾರ್ಬನ್ನಿಗೂ ಇದಕ್ಕೂ ಏನು ಸಂಬಂಧ?" ಎಂದರು. ಮನೆಯನ್ನು ಎಷ್ಟು ಅಡಿ ಎತ್ತಿಸಿದಿರಿ ಎಂದು ಕೇಳಿದೆ. "ನಾಲ್ಕು" ಎಂದರು. ಸಾಕಾಗುತ್ತದೆಯೇ ಎಂದು ಕೇಳಿದ್ದಕ್ಕೆ, ಮಗ ಐದು ಬೇಕಿತ್ತು ಎನ್ನುತ್ತಿದ್ದಾನೆ ಎಂದರು.