ಎತ್ತಿದ್ದು ಸರಿ, ಇಳಿಯೋಕೆ ಜಾಗ ಎಲ್ಲಿ?

ಸೋಮವಾರ ಟೈರ್ ಅಂಗಡಿ ಯಜಮಾನರು ನನ್ನ ಪಿಕಪ್‌ಗೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡೋ ಕೆಲಸ) ಮಾಡಲ್ಲ ಅಂದುಬಿಟ್ಟರು. ಅಂಗಡಿ ಖಾಲಿ ಇತ್ತು, ಕೆಲಸದ ಹುಡುಗ ಸುಮ್ನೆ ಕೂತು ಮೊಬೈಲ್ ನೋಡ್ತಾ ಇದ್ದ, ಮೆಷಿನ್ ಆನ್ ಆಗಿತ್ತು. ಆದರೂ ಮಾಡಲ್ಲ. ಇವತ್ತು ಗುರುವಾರ. ನನ್ನ ಸಿಟ್ಟು ಇಳಿದಿದೆ, ಗಾಡಿಯೂ ಇಳಿದಿದೆ. ಅವರು ಹೇಳಿದ ಒಂದು ಮಾತು ಮಾತ್ರ ಕಿವಿ ಬಿಟ್ಟು ಹೋಗ್ತಾ ಇಲ್ಲ.

ಶುರುವಾಗಿದ್ದು ಟೈರಿನಿಂದ. ಒಂದು ಸೈಜ್ ದೊಡ್ಡ ಟೈರು, ಅರ್ಧ ಸವೆದಿದ್ದು, ಸಿಕ್ತು ಅಂತ ಹಾಕಿಸಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜುತ್ತಿತ್ತು. ಮುಂಭಾಗ ಸ್ವಲ್ಪ ಎತ್ತಿದರೆ ಸರಿ ಹೋಗುತ್ತೆ ಅಂತ ಹೇಳಿದವನು ನನ್ನ ಬಾಮೈದ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆಯವರ ಗಾಡಿ ಬಿಚ್ಚೋದು ಅಂದ್ರೆ ಅವನಿಗೆ ಹಬ್ಬ. ತನ್ನ ಬೈಕಿನ ಚೈನ್‌ಗೆ ಎಣ್ಣೆ ಹಾಕಿ ವರ್ಷ ಆಗಿದೆ, ನನ್ನ ಗಾಡಿಗೆ ಮಾತ್ರ ಬೆಳಗ್ಗೆ ಆರಕ್ಕೇ ಟೂಲ್ ಬಾಕ್ಸ್ ಹಿಡಿದುಕೊಂಡು ಬಂದು ನಿಂತಿದ್ದ.

ಎತ್ತೋ ಕಿಟ್‌ಗಳ ಬೆಲೆ ನೋಡಿದ್ದೆ. ನೋಡಿ ಸುಮ್ಮನಾಗಿದ್ದೆ. ನನ್ನದು ಹಳೇ ಗಾಡಿ, ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಉದ್ದನೆಯ ಉಕ್ಕಿನ ಸರಳು ಅಷ್ಟೇ. ಒಂದು ತುದಿ ಚಕ್ರದ ಲೋವರ್ ಆರ್ಮ್‌ಗೆ, ಅಂದ್ರೆ ಚಕ್ರ ಹಿಡಿದಿರೋ ಕೆಳಗಿನ ತೋಳಿಗೆ, ಸೇರಿರುತ್ತೆ (ಕೆಲವು ಗಾಡಿಗಳಲ್ಲಿ ಅಪ್ಪರ್ ಆರ್ಮ್‌ಗೆ, ಮೇಲಿನ ತೋಳಿಗೆ), ಇನ್ನೊಂದು ತುದಿ ಕ್ಯಾಬಿನ್ ಕೆಳಗಿನ ಅಡ್ಡಪಟ್ಟಿಯಲ್ಲಿ ಕೀ ಅನ್ನೋ ಹಲ್ಲಿರೋ ತುಂಡಿಗೆ ಕಚ್ಚಿಕೊಂಡಿರುತ್ತೆ. ಆ ಕೀಯನ್ನು ಒಂದು ಬೋಲ್ಟ್ ತಳ್ಳಿ ಹಿಡಿದಿರುತ್ತೆ. ಚಕ್ರ ಮೇಲೆ ಕೆಳಗೆ ಆಡಿದಾಗ ಸರಳು ತಿರುಚಿಕೊಳ್ಳುತ್ತೆ, ಅದೇ ಸ್ಪ್ರಿಂಗ್. ಬೋಲ್ಟ್ ಬಿಗಿ ಮಾಡಿದರೆ ಗಾಡಿ ಮೇಲೇಳುತ್ತೆ, ಸಡಿಲ ಮಾಡಿದರೆ ಇಳಿಯುತ್ತೆ. ಏನೂ ಕೊಳ್ಳಬೇಕಿಲ್ಲ, ಸ್ಪಾನರ್ ಒಂದಿದ್ದರೆ ಸಾಕು. ಪುಕ್ಕಟೆ! ಈ ಪದ ಕೇಳಿದರೆ ನನ್ನ ತಲೆ ಅರ್ಧ ಕೆಲಸ ಮಾಡೋದು ನಿಲ್ಲಿಸುತ್ತೆ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ.

ಕೆಲಸವನ್ನು ಮಾತ್ರ ಒರಟಾಗಿ ಮಾಡಲಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಜಾಕ್ ಹಾಕಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಟ್ಟೆವು. ಚಕ್ರ ನೆಲ ಬಿಟ್ಟಾಗ ಬೋಲ್ಟ್ ಮೇಲಿನ ಭಾರ ಕಡಿಮೆ ಆಗುತ್ತೆ. ಭಾರ ಇರುವಾಗಲೇ ತಿರುಗಿಸಿದರೆ ಹಳೇ ಬೋಲ್ಟಿನ ಥ್ರೆಡ್ ಕಿತ್ತು ಬರೋದು ಗ್ಯಾರಂಟಿ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ, ಬೋಲ್ಟಿನ ತಲೆಗೆ ಬಿಳಿ ಬಣ್ಣದ ಗುರುತು ಹಾಕಿದ್ದೆ, ಸುತ್ತು ಎಣಿಸೋಕೆ. ಚಕ್ರದ ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದೆ, 460 ಮಿಲಿಮೀಟರ್. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಡಿಮೆ ಇದ್ದರೆ ಲೆಕ್ಕ ತಪ್ಪುತ್ತೆ, ಅದಕ್ಕೆ ಹಬ್‌ನಿಂದ. ಇಷ್ಟೆಲ್ಲಾ ಜಾಣತನ ತೋರಿಸಿದವನು ಮುಖ್ಯವಾದ ಒಂದೇ ಒಂದು ಅಳತೆ ತಗೊಳ್ಳಲಿಲ್ಲ ನೋಡಿ.

ನಾಲ್ಕು ಸುತ್ತಿಗೆ ಒಂದು ಇಂಚು ಎದ್ದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬಾಮೈದ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, "ಇನ್ನೂ ಮೂಗು ತಗ್ಗಿದೆ ಭಾವ" ಅಂದ. ಮೂಗು ತಗ್ಗಿರಬೇಕಾದ್ದೇ. ಪಿಕಪ್ ಅಂದ್ರೆ ಹಿಂದೆ ಲೋಡ್ ಹಾಕೋ ಗಾಡಿ, ಲೋಡ್ ಬಿದ್ದಾಗ ಹಿಂಭಾಗ ಕುಸಿದು ಮಟ್ಟಕ್ಕೆ ಬರಲಿ ಅಂತ ಖಾಲಿ ಇರುವಾಗ ಹಿಂದೆ ಎತ್ತರ, ಮುಂದೆ ತಗ್ಗು ಇಟ್ಟಿರ್ತಾರೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಸ್ಪಾನರ್ ಹಿಡಿದೆ. ಒಟ್ಟು ಹತ್ತು ಸುತ್ತು. 510 ಮಿಲಿಮೀಟರ್ ಬಂತು. ಕೊನೆಯ ಎರಡು ಸುತ್ತಿಗೆ ಗಾಡಿ ಹೆಚ್ಚುಕಡಿಮೆ ಮೇಲೇಳಲೇ ಇಲ್ಲ. "ಓಡಿಸಿದ ಮೇಲೆ ಸೆಟ್ ಆಗುತ್ತೆ" ಅಂದ ಬಾಮೈದ. ಹೂಂ ಅಂದೆ. ಆ ಎರಡು ಸುತ್ತು ನನಗೆ ಏನೋ ಹೇಳ್ತಾ ಇತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಆದರೆ ಒಂದು ಮಾತು, ನೋಡೋಕೆ ಏನು ಚಂದ ಇತ್ತು ಅಂತೀರಿ! ಎದೆ ಎತ್ತಿ ನಿಂತ ಹೋರಿ ಥರ. ಹತ್ತು ಫೋಟೋ ತೆಗೆದೆ. ಟೈರು ಉಜ್ಜೋದೂ ನಿಂತಿತು. ರಾತ್ರಿ ಓಡಿಸಿದರೆ ಎದುರು ಬಂದವರೆಲ್ಲ ಲೈಟ್ ಮಿಣುಕಿಸಿದರು. ಗಾಡಿ ನೋಡಿ ಮೆಚ್ಚಿ ಸಲಾಂ ಹೊಡೀತಿದ್ದಾರೆ ಅಂದುಕೊಂಡೆ. ಮುಂಭಾಗ ಎದ್ದಾಗ ಹೆಡ್‌ಲೈಟ್ ಅವರ ಕಣ್ಣಿಗೇ ಹೊಡೀತಾ ಇತ್ತು ಅನ್ನೋದು ಮನೆಗೆ ಬಂದು ಗೋಡೆ ಮೇಲೆ ಬೆಳಕು ಬಿದ್ದಾಗ ಗೊತ್ತಾಯ್ತು.

ಸದ್ದು ಶುರುವಾಗಿದ್ದು ಮಾರನೇ ದಿನ. ಹಂಪ್ ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಠಣ್! ಕುಣಿಗೆ ಚಕ್ರ ಇಳಿದರೆ ಠಣ್! ಯಾರೋ ಚಾಸಿಸ್‌ಗೆ ಸುತ್ತಿಗೆಯಿಂದ ಹೊಡೆದ ಹಾಗೆ. ಹಲ್ಲು ಕಟ ಅನ್ನುತ್ತಿತ್ತು. ಬಾಮೈದನಿಗೆ ಫೋನ್ ಮಾಡಿದರೆ "ಬಾರ್ ಟೈಟ್ ಆಗಿದೆಯಲ್ಲ ಭಾವ, ಸ್ಟಿಫ್ ಇರುತ್ತೆ, ಒಳ್ಳೇದೇ" ಅಂದ. ಸ್ಟೇರಿಂಗ್ ಬೇರೆ ಒಂದು ಕಡೆ ಎಳೀತಿತ್ತು. ಅದು ಸಹಜ, ಎತ್ತರ ಬದಲಾದರೆ ಚಕ್ರದ ಕೋನಗಳೆಲ್ಲ ಬದಲಾಗುತ್ತವೆ. ಅಲೈನ್‌ಮೆಂಟ್ ಮಾಡಿಸಿದರೆ ಎಲ್ಲಾ ಸರಿ ಹೋಗುತ್ತೆ ಅಂತ ಸೋಮವಾರ ಯಜಮಾನರ ಹತ್ರ ಹೋದೆ.

ಯಜಮಾನರದ್ದು ಒಂದು ಅಭ್ಯಾಸ. ಗಿರಾಕಿ ಮುಖ ನೋಡಿ ಮಾತಾಡಲ್ಲ. ಟೈರ್ ನೋಡಿಕೊಂಡು, ಟೈರಿಗೇ ಹೇಳೋ ಹಾಗೆ ಮಾತಾಡ್ತಾರೆ. ಮೊದಮೊದಲು ಇದು ಜಂಬ ಅಂದುಕೊಂಡಿದ್ದೆ. ಈಗಲೂ ಸ್ವಲ್ಪ ಹಾಗೇ ಅನಿಸುತ್ತೆ, ಸುಳ್ಳು ಯಾಕೆ ಹೇಳಲಿ. ಗಾಡಿ ಬರ್ತಿದ್ದ ಹಾಗೇ ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತರು. ಚಕ್ರದ ಮೇಲ್ಭಾಗ ಹೊರಗೆ ವಾಲಿತ್ತು. ಮೆಷಿನ್ ಹಾಕೋ ಅಗತ್ಯವೇ ಇಲ್ಲ, ಬರಿಗಣ್ಣಿಗೇ ಕಾಣ್ತಿತ್ತು, ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ ಅಷ್ಟೇ. ಮಡ್‌ಗಾರ್ಡ್ ಒಳಗೆ ಕೈ ಹಾಕಿ, ಅಪ್ಪರ್ ಆರ್ಮ್‌ಗೆ ಅಂಟಿದ್ದ ಕೆಸರನ್ನು ಹೆಬ್ಬೆರಳಿಂದ ಒರೆಸಿದರು. ಅಲ್ಲೊಂದು ರಬ್ಬರ್ ಗಟ್ಟಿ ಇದೆ. ಚಕ್ರ ತೀರಾ ಕೆಳಗೆ ಜೋತುಬಿದ್ದಾಗ ಆರ್ಮ್ ಹೋಗಿ ಚಾಸಿಸ್‌ಗೆ ಬಡಿಯದೇ ಇರಲಿ ಅಂತ ಕೊಟ್ಟಿರೋ ಸ್ಟಾಪ್.

ಜೇಬಿಂದ ಹಳೇ ಬಿಲ್ ಒಂದನ್ನು ತೆಗೆದರು. ಹುಡುಗನ್ನ ಕರೆದು "ಹತ್ತೋ" ಅಂದರು. ಅವನು ಮುಂದಿನ ಬಂಪರ್ ಮೇಲೆ ನಿಂತು ಎರಡು ಸಲ ಕುಪ್ಪಳಿಸಿದ. ಗಾಡಿ ಒಂದು ಕೂದಲೆಳೆ ತಗ್ಗಿತು. ಅಷ್ಟರಲ್ಲಿ ಯಜಮಾನರು ಆ ಕಾಗದವನ್ನು ರಬ್ಬರಿಗೂ ಕಬ್ಬಿಣಕ್ಕೂ ನಡುವೆ ತೂರಿಸಿದರು. ಹುಡುಗ ಇಳಿದ. "ಎಳಿ" ಅಂದರು ನನಗೆ. ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ಪರ್ ಅಂತ ಹರಿದು ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಉಳೀತು. ಗಾಡಿ ನಾಲ್ಕೂ ಚಕ್ರದ ಮೇಲೆ ಸಮತಟ್ಟು ನೆಲದಲ್ಲಿ ನಿಂತಿದೆ, ಆದರೂ ಆರ್ಮ್ ಆಗಲೇ ಕೊನೆ ಮುಟ್ಟಿ ಕೂತಿದೆ.

ಆಗ ಟೈರಿಗೆ ಹೇಳಿದರು. "ಎತ್ತಿದ್ದು ಸರಿ ಕಣಪ್ಪಾ, ಇಳಿಯೋಕೆ ಜಾಗ ಎಲ್ಲಿ?"

ನಾನು ಏನೋ ಗೊಣಗಿದೆ, ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಕೋನ) ಆದ್ರೂ ಸರಿ ಮಾಡಿಕೊಡಿ ಅಂದೆ. "ಇದಕ್ಕೆ ಮಾಡಿದರೆ ನನ್ನ ಹೆಸರು ಹಾಳು. ಇಳಿಸಿಕೊಂಡು ಬಾ" ಅಂತ ಎದ್ದು ಕೈ ಒರೆಸಿಕೊಂಡರು. ಅಷ್ಟೇ. ಹುಡುಗ ನಕ್ಕ. ಆ ನಗು ನನಗೆ ಯಜಮಾನರ ಮಾತಿಗಿಂತ ಜಾಸ್ತಿ ಚುಚ್ಚಿತು.

ದಾರಿಯುದ್ದಕ್ಕೂ ಅದೇ. ಪ್ರತಿ ಕುಣಿಗೂ ಠಣ್, ಪ್ರತಿ ಠಣ್‌ಗೂ "ಜಾಗ ಎಲ್ಲಿ?". ಸಸ್ಪೆನ್ಷನ್ ಅಂದ್ರೆ ನನ್ನ ತಲೆಯಲ್ಲಿ ಇದ್ದದ್ದು ಚಕ್ರ ಮೇಲೆ ಹೋಗೋದು ಮಾತ್ರ. ಕಲ್ಲು ಬಂತು, ಚಕ್ರ ಮೇಲೆ ಹೋಯ್ತು, ಸ್ಪ್ರಿಂಗ್ ತಡೆದುಕೊಂಡಿತು. ಚಕ್ರ ಕೆಳಗೂ ಇಳಿಯಬೇಕು ಅನ್ನೋದು ಹೊಳೆದಿರಲೇ ಇಲ್ಲ. ಕುಣಿ ಬಂದಾಗ ಚಕ್ರ ಒಳಗೆ ಇಳಿದು ನೆಲ ಹಿಡಿದುಕೊಂಡರೆ ಗಾಡಿ ಸಮನಾಗಿ ಹೋಗುತ್ತೆ. ಇಳಿಯೋಕೆ ಜಾಗ ಇಲ್ಲದಿದ್ದರೆ ಇಡೀ ಗಾಡಿಯೇ ಕುಣಿಗೆ ಬೀಳುತ್ತೆ.

ಬಾಮೈದ ಹೇಳಿದ "ಬಾರ್ ಟೈಟ್ ಆಗಿದೆ" ಅನ್ನೋದೂ ಸುಳ್ಳು ಅಂತ ರಾತ್ರಿ ಬಟ್ಟೆ ಹಿಂಡುವಾಗ ಅರ್ಥ ಆಯ್ತು. ಒದ್ದೆ ಟವೆಲ್‌ನ ಎರಡೂ ತುದಿ ಹಿಡಿದು, ಎರಡು ಕೈಯನ್ನೂ ಒಂದೇ ದಿಕ್ಕಿಗೆ ತಿರುಗಿಸಿ ನೋಡಿ. ಟವೆಲ್ ತಿರುಗುತ್ತೆ, ಹಿಂಡಿಕೊಳ್ಳಲ್ಲ. ಬಾರ್ ಕಥೆಯೂ ಅದೇ. ಗಾಡಿಯ ತೂಕ ಅಷ್ಟೇ ಇದೆ, ಹಾಗಾಗಿ ನಿಂತಾಗ ಸರಳಿನಲ್ಲಿರೋ ತಿರುಚು ಕೂಡ ಹೆಚ್ಚುಕಡಿಮೆ ಮೊದಲಿನಷ್ಟೇ. ಈ ತುದಿ ತಿರುಗಿಸಿದಷ್ಟೂ ಆ ತುದಿಯ ಆರ್ಮ್ ಕೆಳಕ್ಕೆ ತಿರುಗುತ್ತೆ, ಗಾಡಿ ಮೇಲೇಳುತ್ತೆ. ಸ್ಪ್ರಿಂಗ್ ಗಟ್ಟಿ ಆಗಲ್ಲ. ಆರ್ಮ್ ಸ್ಟಾಪ್ ಮುಟ್ಟಿದ ಮೇಲೆ ಮಾತ್ರ ಸರಳು ನಿಜವಾಗಿ ಬಿಗಿಯುತ್ತೆ, ಗಾಡಿಯನ್ನು ಎತ್ತೋಕಲ್ಲ, ರಬ್ಬರನ್ನು ಹಿಸುಕೋಕೆ. ನನ್ನ ಕೊನೆಯ ಎರಡು ಸುತ್ತು ಹೋಗಿದ್ದು ಅಲ್ಲಿಗೇ. ಹಲ್ಲು ಬೇರೆ ಕಡೆ ಕೊರೆದ ಕೀಗಳು ಸಿಗ್ತವೆ, ಅದನ್ನು ಹಾಕಿದರೆ ಇನ್ನೂ ಎತ್ತಬಹುದು ಅಂತ ಬಾಮೈದ ಆಸೆ ತೋರಿಸಿದ್ದ. ಬೋಲ್ಟ್ ಮಾಡೋ ಕೆಲಸವನ್ನೇ ಅದೂ ಮಾಡೋದು. ಬೋಲ್ಟಿನ ಥ್ರೆಡ್ ಮುಗಿದವರಿಗೆ ಉಪಯೋಗ ಆಗಬಹುದು. ಜಾಗ ಮುಗಿದವರಿಗೆ ಆಗಲ್ಲ.

ಆರ್ಮ್ ಚಕ್ರಕ್ಕೆ ಸೇರೋ ಕಡೆಯ ಬಾಲ್ ಜಾಯಿಂಟ್, ಇಂಜಿನ್ನಿನ ತಿರುಗು ಚಕ್ರಕ್ಕೆ ಮುಟ್ಟಿಸೋ ಆಕ್ಸಲ್‌ನ ಸಿ.ವಿ. ಜಾಯಿಂಟ್ ಎಲ್ಲ ಓರೆ ಕೋನದಲ್ಲಿ ತಿರುಗ್ತಾ ಇದ್ದವು. ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೆ ಅವುಗಳ ಮೇಲಿನ ರಬ್ಬರ್ ಬೂಟ್, ಅಂದ್ರೆ ಹೊದಿಕೆ, ಹರಿದು ಗ್ರೀಸ್ ಚೆಲ್ಲಿ, ಪುಕ್ಕಟೆ ಕೆಲಸದ ಬಿಲ್ ಬರ್ತಾ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಗಾಡಿ ಬಗ್ಗೆ ಮಾತ್ರ ಅಲ್ಲ. ನಮ್ಮ ಮನೆಯ ತಿಂಗಳ ಲೆಕ್ಕವೂ ಹೀಗೇ ಇದೆಯಲ್ವಾ ಅನಿಸಿತು. ಕಂತು, ಫೀಸು, ಚೀಟಿ, ಎಲ್ಲಾ ಸೇರಿ ಸಂಬಳದ ಕೊನೆ ರಬ್ಬರ್ ಮುಟ್ಟಿ ಕೂತಿದೆ. ಹೊರಗಿಂದ ನೋಡಿದವರಿಗೆ ಎದೆ ಎತ್ತಿ ನಿಂತ ಹಾಗೇ ಕಾಣುತ್ತೆ. ಯಾರಿಗೋ ಜ್ವರ ಬಂದರೆ ಠಣ್. ಮಿಕ್ಸಿ ಕೆಟ್ಟರೆ ಠಣ್. ಹೆಂಡತಿ ಎರಡು ವರ್ಷದಿಂದ "ಸ್ವಲ್ಪ ಕೈಯಲ್ಲಿ ಇಟ್ಕೊಳ್ಳೋಣ ರೀ" ಅಂತ ಹೇಳ್ತಾನೇ ಇದ್ದಾಳೆ. ಅವಳೂ ಜಾಗ ಕೇಳ್ತಾ ಇದ್ದದ್ದೇ, ಅವಳ ಕೈಯಲ್ಲಿ ಹಳೇ ಬಿಲ್ ಇರಲಿಲ್ಲ ಅಷ್ಟೇ. ಎಲ್ಲಿಂದ ಎಲ್ಲಿಗೋ ಹೋದೆ ನೋಡಿ. ನಿದ್ದೆಗೆಟ್ಟವನ ತಲೆ.

ನಿನ್ನೆ ಸಂಜೆ ಮತ್ತೆ ಜಾಕ್ ಹಾಕಿದೆ. ಬಾಮೈದ ಬಂದ, ಮುಖ ಊದಿಸಿಕೊಂಡೇ ಬಂದ. ಬಲಗಡೆ ಆರು, ಎಡಗಡೆ ಆರು ಸುತ್ತು ಸಡಿಲ ಮಾಡಿದೆವು. ಗಾಡಿ ಇಳಿಸಿ ತಕ್ಷಣ ಅಳೆಯಲಿಲ್ಲ. ಜಾಕ್‌ನಿಂದ ಇಳಿದಾಗ ಚಕ್ರಗಳು ಒಳಕ್ಕೆ ಎಳೆದುಕೊಂಡು ಗಾಡಿ ಸುಳ್ಳು ಎತ್ತರ ತೋರಿಸುತ್ತೆ. ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ಆಮೇಲೆ ಟೇಪ್ ಹಿಡಿದೆ. ಎಡಕ್ಕೆ 485, ಬಲಕ್ಕೆ 488. ಬಲಗಡೆ ಇನ್ನೊಂದು ಅರ್ಧ ಸುತ್ತು ಬಿಟ್ಟೆ. ಮೊದಲಿಗಿಂತ ಒಂದು ಇಂಚು ಜಾಸ್ತಿ.

"ಇಷ್ಟು ಇಳಿಸಿದರೆ ಟೈರ್ ಮತ್ತೆ ಉಜ್ಜುತ್ತೆ ಭಾವ" ಅಂದ.

"ಉಜ್ಜಲಿ. ಆ ಲೈನರ್ ಮೂಲೆ ಬೆರಳಗಲ ಕತ್ತರಿಸ್ತೀನಿ. ಬ್ಲೇಡ್ ತಗೊಂಡು ಬಾ."

ಅವನು ಒಳಗೆ ಹೋದಾಗ ಮಡ್‌ಗಾರ್ಡ್ ಒಳಗೆ ಟಾರ್ಚ್ ಬಿಟ್ಟೆ. ಯಜಮಾನರ ಬಿಲ್ಲಿನ ಅರ್ಧ ಚೂರು ಅಲ್ಲೇ ರಬ್ಬರಿಗೆ ಅಂಟಿಕೊಂಡಿತ್ತು, ಎಣ್ಣೆ ಕುಡಿದು ಪಾರದರ್ಶಕ ಆಗಿತ್ತು. ರಬ್ಬರಿಗೂ ಕಬ್ಬಿಣಕ್ಕೂ ನಡುವೆ ಕಿರುಬೆರಳು ಹೋಗುವಷ್ಟು ಸಂದು. ಉಗುರಿನಿಂದ ಮೆಲ್ಲಗೆ ತಟ್ಟಿದೆ. ಉದುರಿ ಟೈರ್ ಮೇಲೆ ಬಿತ್ತು.