ಉದ್ಯಮಶೀಲತೆ ಪದವೀಧರರು ನಿಜಕ್ಕೂ ಎಷ್ಟು ಗಳಿಸುತ್ತಾರೆ?

ಉದ್ಯಮಶೀಲತೆಯಲ್ಲಿ ಪದವಿ ಮಾಡಿದವರೆಲ್ಲ ಓದು ಮುಗಿದ ಮರುದಿನವೇ ಕಂಪನಿ ತೆರೆಯುವುದಿಲ್ಲ. ಬಹುಪಾಲು ಜನ ಮೊದಲು ಸಂಬಳದ ಕೆಲಸಕ್ಕೇ ಸೇರುತ್ತಾರೆ: ಮಾರಾಟ, ಬಿಸಿನೆಸ್ ಡೆವಲಪ್‌ಮೆಂಟ್, ಕನ್ಸಲ್ಟಿಂಗ್, ಇಲ್ಲವೇ ಸಣ್ಣ ಸ್ಟಾರ್ಟ್‌ಅಪ್‌ನಲ್ಲಿ ಎಲ್ಲದಕ್ಕೂ ಕೈಹಾಕಬೇಕಾದ ಹುದ್ದೆ. ಕೆಲವರು ಮನೆಯ ವ್ಯಾಪಾರ ನೋಡಿಕೊಳ್ಳುತ್ತಾರೆ. ಇದನ್ನು ಪದವಿ ವ್ಯರ್ಥವಾಯಿತು ಎಂದು ಓದಬಾರದು. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ, ಸಾವಿರಕ್ಕೆ ಒಂದರಂತಿರುವ ಹೊಸ ಕಂಪನಿಗಳನ್ನು ಹುಟ್ಟುಹಾಕಿದವರ ಸರಾಸರಿ ವಯಸ್ಸು ಆರಂಭದ ಹೊತ್ತಿಗೆ 45 ಆಗಿತ್ತು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ಕ್ಷೇತ್ರದಲ್ಲಿ ಮೊದಲೇ ದುಡಿದ ಅನುಭವ ಇದ್ದವರ ಗೆಲುವಿನ ಪ್ರಮಾಣವೂ ಹೆಚ್ಚು. ಹಾಗಾಗಿ ಪದವಿಯ ಫಲವನ್ನು ಮೊದಲ ವರ್ಷದ ಸಂಬಳದಿಂದ ಅಳೆದರೆ ಲೆಕ್ಕ ಅರ್ಧಕ್ಕೇ ನಿಂತಂತೆ.

ಈ ಪದವಿಯ ಪರವಾಗಿ ಹೆಚ್ಚು ಉಲ್ಲೇಖವಾಗುವುದು ಅರಿಜೋನಾ ವಿಶ್ವವಿದ್ಯಾಲಯದ ಪದವೀಧರರ ಮೇಲೆ ನಡೆದು 2000ದಲ್ಲಿ ಹೊರಬಂದ ಅಧ್ಯಯನ. ಉಳಿದ ಬಿಸಿನೆಸ್ ಪದವೀಧರರಿಗಿಂತ ಉದ್ಯಮಶೀಲತೆ ಓದಿದವರ ವಾರ್ಷಿಕ ಆದಾಯ ಶೇ. 27ರಷ್ಟು ಹೆಚ್ಚು, ಹೊಸ ಉದ್ಯಮ ಆರಂಭಿಸುವ ಸಾಧ್ಯತೆ ಮೂರು ಪಟ್ಟು ಎಂದು ಅದು ಹೇಳಿತು. ಅಂಕಿ ಆಕರ್ಷಕವಾಗಿದೆ. ಆದರೆ ಆ ಕೋರ್ಸ್ ಆರಿಸಿಕೊಂಡವರಲ್ಲಿ ಅನೇಕರಿಗೆ ಉದ್ಯಮದ ಹಂಬಲ ಮೊದಲೇ ಇರುತ್ತದೆ. ಕೆಲವರಿಗೆ ಮನೆಯ ಬಂಡವಾಳವೂ ಬೆನ್ನಿಗಿರುತ್ತದೆ. ಗಳಿಕೆಯಲ್ಲಿ ಎಷ್ಟು ಪಾಲು ಪಾಠದ್ದು, ಎಷ್ಟು ಹಿನ್ನೆಲೆಯದ್ದು ಎಂದು ಪೂರ್ತಿ ಬಿಡಿಸುವುದು ಕಷ್ಟ. ಈ ಎಚ್ಚರವಿಲ್ಲದೆ 27ನ್ನು ಪದವಿಯ ಬೆಲೆ ಎಂದುಕೊಂಡು ಶುಲ್ಕ ಕಟ್ಟುವುದು ತಪ್ಪು ಲೆಕ್ಕ.

ಸ್ವಂತ ಉದ್ಯಮಕ್ಕೆ ಇಳಿದವರ ಚಿತ್ರ ಬೇರೆಯೇ. ಅದೇ 2000ದಲ್ಲಿ ಅರ್ಥಶಾಸ್ತ್ರಜ್ಞ ಬಾರ್ಟನ್ ಹ್ಯಾಮಿಲ್ಟನ್ ತೋರಿಸಿದಂತೆ, ಹತ್ತು ವರ್ಷ ಉದ್ಯಮ ನಡೆಸಿದವರ ಮಧ್ಯಾಂಕ ಗಳಿಕೆ (ಎಲ್ಲರನ್ನೂ ಗಳಿಕೆಯ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಗಳಿಕೆ), ಅಷ್ಟೇ ಕಾಲ ನೌಕರಿಯಲ್ಲಿದ್ದರೆ ಬರಬಹುದಾಗಿದ್ದ ಸಂಬಳಕ್ಕಿಂತ ಶೇ. 35ರಷ್ಟು ಕಡಿಮೆ. ಇಲ್ಲೂ ಒಂದು ತಿದ್ದುಪಡಿ ಬೇಕು: ಸ್ವಂತ ಉದ್ಯೋಗದವರು ಸಮೀಕ್ಷೆಗಳಲ್ಲಿ ಆದಾಯವನ್ನು ಸುಮಾರು ಕಾಲುಭಾಗ ಕಡಿಮೆ ಹೇಳುತ್ತಾರೆ ಎಂದು ಅಮೆರಿಕದಲ್ಲೇ ನಡೆದ ನಂತರದ ಸಂಶೋಧನೆ ಕಂಡುಕೊಂಡಿದೆ. ಅಂತರ ಕಾಗದದ ಮೇಲೆ ಕಾಣುವಷ್ಟು ದೊಡ್ಡದಿರಲಾರದು.

ಇನ್ನು ಸರಾಸರಿಯ ವಿಷಯ. ಹತ್ತು ಪದವೀಧರರಲ್ಲಿ ಒಂಬತ್ತು ಮಂದಿ ತಲಾ 40 ಗಳಿಸಿ, ಒಬ್ಬರು ಮಾತ್ರ 640 ಗಳಿಸಿದರೂ ಸರಾಸರಿ 100 ಎಂದೇ ಬರುತ್ತದೆ. ಮಧ್ಯಾಂಕ 40. ಉದ್ಯಮದ ಗಳಿಕೆ ಹಂಚಿಕೆಯಾಗುವುದು ಬಹುತೇಕ ಹೀಗೆಯೇ, ಆದ್ದರಿಂದ ಕಾಲೇಜು ಸರಾಸರಿ ಮಾತ್ರ ಕೊಟ್ಟರೆ ಮಧ್ಯಾಂಕವನ್ನು ಕೇಳಿ ಪಡೆಯಿರಿ. ಎಷ್ಟು ಹಳೆಯ ವಿದ್ಯಾರ್ಥಿಗಳು ಸಮೀಕ್ಷೆಗೆ ಉತ್ತರ ಕೊಟ್ಟರು ಎಂದೂ ಕೇಳಿ, ಏಕೆಂದರೆ ಪರಿಸ್ಥಿತಿ ಚೆನ್ನಾಗಿಲ್ಲದವರು ಸಾಮಾನ್ಯವಾಗಿ ಉತ್ತರಿಸುವುದಿಲ್ಲ. ‘ಉದ್ಯಮ ಆರಂಭಿಸಿದವರು’ ಎಂಬ ಪಟ್ಟಿಯಲ್ಲಿ ಕೇವಲ ನೋಂದಣಿ ಮಾಡಿಸಿದವರೂ ಇದ್ದಾರೆಯೇ, ಮೂರು ವರ್ಷದ ನಂತರ ಅದರಲ್ಲಿ ಎಷ್ಟು ಉಳಿದವು? ಇದಕ್ಕೆ ನೇರ ಉತ್ತರ ಸಿಗದಿದ್ದರೆ ಆ ಪಟ್ಟಿಯನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ವಂತ ಉದ್ಯಮದ ಗಳಿಕೆಯನ್ನು ಸಂಬಳದ ಜೊತೆ ಹೋಲಿಸುವಾಗ ಆಗುವ ದೊಡ್ಡ ಎಡವಟ್ಟು ವಹಿವಾಟನ್ನೇ ಆದಾಯ ಎಂದುಕೊಳ್ಳುವುದು. ವರ್ಷದ ವಹಿವಾಟು 1000 ಎಂದಿಟ್ಟುಕೊಳ್ಳಿ. ಸರಕು, ಬಾಡಿಗೆ, ಕೂಲಿ, ಸಾಲದ ಬಡ್ಡಿ ಎಲ್ಲ ಕಳೆದು 120 ಉಳಿಯಿತು. ನಿಮ್ಮದೇ ಬಂಡವಾಳ 300 ಹಾಕಿದ್ದೀರಿ, ಅದನ್ನು ಬೇರೆಡೆ ಇಟ್ಟಿದ್ದರೆ ಶೇ. 8ರಂತೆ 24 ಬರುತ್ತಿತ್ತು. ಅದನ್ನೂ ಕಳೆದರೆ ನಿಮ್ಮ ದುಡಿಮೆಗೆ ಸಿಕ್ಕಿದ್ದು 96. ಹೊರಗೆ ಸಿಗಬಹುದಾದ ಸಂಬಳ 90 ಆಗಿದ್ದರೆ ಉದ್ಯಮವೇ ಮೇಲು ಅನ್ನಿಸುತ್ತದೆ. ಆದರೆ ವಾರಕ್ಕೆ 60 ಗಂಟೆ ದುಡಿದು ಪಡೆದ 96ಕ್ಕೂ 40 ಗಂಟೆಗೆ ಬಂದ 90ಕ್ಕೂ ಎಲ್ಲಿಯ ಹೋಲಿಕೆ? ವಾರದ ಪ್ರತಿ ಗಂಟೆಯ ಪಾಲಿಗೆ ಉದ್ಯಮದಲ್ಲಿ 1.6, ನೌಕರಿಯಲ್ಲಿ 2.25. ನೌಕರಿಯಲ್ಲಿ ಮಾಲೀಕರು ಕಟ್ಟುವ ವಿಮೆ, ನಿವೃತ್ತಿ ನಿಧಿ ಇದಕ್ಕೆ ಸೇರಿಲ್ಲ. ಇನ್ನೊಂದು ಕಡೆ, ಉದ್ಯಮಕ್ಕೆ ಮಾರಾಟದ ಬೆಲೆ ಇದ್ದರೆ ಆ ಆಸ್ತಿಯೂ ಈ ಲೆಕ್ಕದಲ್ಲಿ ಕಾಣುವುದಿಲ್ಲ. ನೀವು ಒಂದು ತಿಂಗಳು ದೂರವಿದ್ದರೂ ಅದು ನಡೆಯುತ್ತದೆಯೇ ಎಂಬುದರ ಮೇಲೆ ಆ ಬೆಲೆ ನಿಂತಿದೆ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ ಹೊಸ ಉದ್ಯಮಗಳಲ್ಲಿ ಸುಮಾರು ಐದರಲ್ಲಿ ಒಂದು ಮೊದಲ ವರ್ಷವೇ ಮುಚ್ಚುತ್ತದೆ, ಐದು ವರ್ಷ ದಾಟುವುದು ಹತ್ತಿರ ಹತ್ತಿರ ಅರ್ಧದಷ್ಟು. ಮುಚ್ಚಿದ ಮೇಲೆ ಬದುಕೇ ಮುಗಿಯಿತು ಎಂದೇನಿಲ್ಲ. ಬೇಗ ಕೈಬಿಟ್ಟು ನೌಕರಿಗೆ ಮರಳಿದವರ ಸಂಬಳಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ ಎಂದು ಗುಸ್ಟಾವೊ ಮಾನ್ಸೊ ಅವರ 2016ರ ಅಧ್ಯಯನ ಹೇಳುತ್ತದೆ. ಹೊಡೆತ ಬೀಳುವುದು ಶಿಕ್ಷಣ ಸಾಲದ ಕಂತು ತಲೆಯ ಮೇಲಿರುವಾಗ ವೈಯಕ್ತಿಕ ಜಾಮೀನು ಕೊಟ್ಟು ಮತ್ತೆ ಸಾಲ ಎತ್ತಿದವರಿಗೆ. ಶುರುಮಾಡುವ ಮುನ್ನವೇ ಎಷ್ಟು ಹಣ ಕರಗಿದರೆ, ಯಾವ ತಿಂಗಳಿಗೆ ನಿಲ್ಲಿಸುವುದು ಎಂದು ಬರೆದಿಡಿ. ನಡೆಸಿದ ಕಾಲದ ಗ್ರಾಹಕರ ಸಂಖ್ಯೆ, ಮಾರಾಟ, ಖರ್ಚಿನ ದಾಖಲೆಯನ್ನೂ ಜೋಪಾನ ಮಾಡಿ. ಮುಂದಿನ ಸಂದರ್ಶನದಲ್ಲಿ ‘ಸ್ಥಾಪಕ’ ಎಂಬ ಹುದ್ದೆಯ ಹೆಸರಿಗಿಂತ ಆ ಅಂಕಿಗಳಿಗೇ ಹೆಚ್ಚು ತೂಕ.